1960ರ ದಶಕದ ಅಡುಗೆಮನೆ ಇಂದಿನ ಮನೆಯಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಗಾರೆ ನೆಲ, ಕಡಪ ಕಲ್ಲಿನ ಕಟ್ಟೆ, ಪಿಸ್ತಾ ಹಸಿರು ಗೋಡೆ, ಜಾಲರಿ ಬೀರು. ಇಂಥ ಅಡುಗೆಮನೆ ಬೇಕೆಂದು ಹೊರಟವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಸುಲಭದವು ಮೊದಲು, ತಲೆ ಕೆಡಿಸುವಂಥವು ಆಮೇಲೆ.

## ಶುರು ಮಾಡುವ ಮುನ್ನ

ರೆಟ್ರೋ ಅಡುಗೆಮನೆ ಅಂದ್ರೆ ಅಜ್ಜಿ ಮನೆ ಅಡುಗೆಮನೆ ತಾನೇ?

ಅಲ್ಲ. ಹಳ್ಳಿಯ ಅಜ್ಜಿ ಮನೆಯಲ್ಲಿ ಒಲೆ ನೆಲದ ಮೇಲಿತ್ತು, ಅಡುಗೆ ಕೂತು ಮಾಡುವುದಾಗಿತ್ತು, ಜಂತೆಗೆ ಹೊಗೆ ಹಿಡಿದಿತ್ತು. ಇಲ್ಲಿ ಹೇಳುತ್ತಿರುವುದು ಸುಮಾರು 1950ರಿಂದ 1970ರ ನಡುವೆ ಊರಿನ ಹೊಸ ಬಡಾವಣೆಗಳಲ್ಲಿ ಎದ್ದ ಮನೆಗಳ ಅಡುಗೆಮನೆ. ಬೆಂಗಳೂರಿನ ಜಯನಗರ, ರಾಜಾಜಿನಗರ, ಮೈಸೂರಿನ ಸರಸ್ವತಿಪುರಂ ಕಡೆಯ ಹಳೇ ಮನೆಗಳನ್ನು ನೋಡಿದವರಿಗೆ ಇದರ ಚಿತ್ರ ಕಣ್ಣ ಮುಂದೆ ಬರುತ್ತದೆ. ನಿಂತು ಅಡುಗೆ ಮಾಡುವ ಕಟ್ಟೆ, ಅದರ ಮೇಲೆ ಮೊದಲು ಸೀಮೆಎಣ್ಣೆ ಸ್ಟೌ, ಆಮೇಲೆ ಗ್ಯಾಸ್. ಗೋಡೆಯಲ್ಲೇ ಕೂರಿಸಿದ ಕಲ್ಲಿನ ಹಲಗೆಗಳು. ಎರಡನ್ನೂ ಬೆರೆಸಿ, ಕಟ್ಟೆಯ ಪಕ್ಕದಲ್ಲೇ ಮಣ್ಣಿನ ಒಲೆಯ ಮಾದರಿ ಇಟ್ಟರೆ ಅಡುಗೆಮನೆ ಹೋಗಿ ಹೋಟೆಲಿನ ಅಲಂಕಾರವಾಗುತ್ತದೆ.

ಫೋಟೋಗಳಲ್ಲಿ ಬರೋ ಗುಲಾಬಿ ಬಣ್ಣದ ಅಮೆರಿಕನ್ ಕಿಚನ್ ಇಲ್ಲಿ ಮಾಡೋಕಾಗಲ್ವಾ?

ಮಾಡಬಹುದು, ಆದರೆ ಅದು ಬೇರೆ ದೇಶದ ಅಡುಗೆಗೆ ಹುಟ್ಟಿದ್ದು. ಆ ಫೋಟೋಗಳಲ್ಲಿ ಕಾಣುವ ಬೂಮರಾಂಗ್ ಚಿತ್ತಾರದ ಟೇಬಲ್ಲು 1950ರಲ್ಲಿ ಲ್ಯಾಮಿನೇಟ್ ಹಾಳೆ ಮಾಡುವ ಫಾರ್ಮೈಕಾ ಕಂಪನಿಗಾಗಿ ಅಮೆರಿಕದ ವಿನ್ಯಾಸಕಾರ ಬ್ರೂಕ್ಸ್ ಸ್ಟೀವನ್ಸ್ ರೂಪಿಸಿದ ವಿನ್ಯಾಸ. ಅಲ್ಲಿನ ಅಡುಗೆಯಲ್ಲಿ ದಿನಕ್ಕೆ ಮೂರು ಸಲ ಒಗ್ಗರಣೆ ಸಿಡಿಯುವುದಿಲ್ಲ, ಅರಿಶಿನದ ಕೈ ಕಪಾಟಿಗೆ ತಾಗುವುದಿಲ್ಲ, ನೆಲಕ್ಕೆ ಬಕೆಟ್ಟುಗಟ್ಟಲೆ ನೀರು ಸುರಿಯುವುದಿಲ್ಲ. ಮಂಗಳೂರು, ಕಾರವಾರದಂಥ ಕರಾವಳಿ ಊರುಗಳಲ್ಲಂತೂ ಅಗ್ಗದ ಕ್ರೋಮ್ ಪಟ್ಟಿ ಎರಡು ಮಳೆಗಾಲ ಕಳೆಯುವುದರೊಳಗೆ ಚುಕ್ಕೆಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಅಷ್ಟು ಇಷ್ಟವಿದ್ದರೆ ಒಂದೇ ಒಂದು ವಸ್ತುವನ್ನು ಆ ಬಗೆಯದಾಗಿ ಇಟ್ಟುಕೊಳ್ಳಿ, ಊಟದ ಟೇಬಲ್ಲೋ ಸ್ಟೂಲೋ. ನೆಲ, ಕಟ್ಟೆ, ಗೋಡೆ ಮಾತ್ರ ನಮ್ಮ ಕಡೆಯದೇ ಇರಲಿ.

ದುಡ್ಡು ಕಡಿಮೆ ಇದೆ, ಮೊದಲು ಏನು ಮಾಡಿಸಬೇಕು?

ಗೋಡೆಯೊಳಗಿನ ವೈರು ಮತ್ತು ನೀರಿನ ಪೈಪು. ಆಮೇಲೆ ನೆಲ, ಕಟ್ಟೆ, ಗೋಡೆ, ಕೊನೆಗೆ ಕಪಾಟು. ಪಾತ್ರೆ, ಡಬ್ಬಿ, ದೀಪ ವರ್ಷಗಟ್ಟಲೆ ಒಂದೊಂದಾಗಿ ಬರಲಿ. ಹೆಚ್ಚಿನವರು ಇದನ್ನು ತಿರುಗಿಸಿ ಮಾಡುತ್ತಾರೆ. ಮೊದಲು ಹಿತ್ತಾಳೆ ಡಬ್ಬಿಗಳನ್ನು ಕೊಂಡು, ಅವನ್ನು ಹೊಳೆಯುವ ವಿಟ್ರಿಫೈಡ್ ಟೈಲ್ಸ್ ನಡುವೆ ಜೋಡಿಸಿ, ಏನೋ ಸರಿಹೋಗಲಿಲ್ಲವಲ್ಲ ಎಂದು ಕೊರಗುತ್ತಾರೆ. ಹಳೇ ಅಡುಗೆಮನೆಯ ಕಳೆ ಮುಕ್ಕಾಲು ಪಾಲು ನೆಲ ಮತ್ತು ಕಟ್ಟೆಯಲ್ಲಿದೆ.

ಬಾಡಿಗೆ ಮನೆ. ಮೊಳೆ ಹೊಡೆಯೋಕೂ ಓನರ್ ಬಿಡಲ್ಲ. ಏನಾದ್ರೂ ದಾರಿ ಇದೆಯಾ?

ಇದೆ, ಅದೂ ಆ ಕಾಲದ್ದೇ ದಾರಿ. ಆಗ ಎಷ್ಟೋ ಮನೆಗಳಲ್ಲಿ ಕಟ್ಟೆಯ ಕೆಳಗೆ ಬಾಗಿಲಿರಲಿಲ್ಲ, ಪ್ಲಾಸ್ಟಿಕ್ ಹೊದಿಕೆಯ ಸ್ಪ್ರಿಂಗ್ ತಂತಿಗೆ ಪೋಣಿಸಿದ ಬಟ್ಟೆಯ ಪರದೆ ಇರುತ್ತಿತ್ತು. ಕಟ್ಟೆಯ ಅಗಲದ ಒಂದೂವರೆ ಪಟ್ಟು ಬಟ್ಟೆ ತೆಗೆದುಕೊಳ್ಳಿ, ಅಂಚು ನೆಲದಿಂದ ಎರಡು ಇಂಚು ಮೇಲಿರಲಿ. ಸಣ್ಣ ಚೌಕಳಿ ಅಥವಾ ಪಟ್ಟೆಯ ಹತ್ತಿ ಬಟ್ಟೆ ಸಾಕು. ಮೊಳೆಯ ಬದಲು ಎಳೆದು ಬಿಗಿಸುವ ಪರದೆ ಸರಳು ಬಳಸಬಹುದು. ಸಿಲಿಂಡರ್ ಮತ್ತು ಸ್ಟೌ ಇರುವ ಭಾಗಕ್ಕೆ ಮಾತ್ರ ಪರದೆ ಬೇಡ. ಮಿಕ್ಕಂತೆ ಕಾಲಿರುವ ಜಾಲರಿ ಬೀರು, ಒಂದು ಮರದ ಸ್ಟೂಲು, ಗೋಡೆಗೆ ಒಂಟಿಕೊಪ್ಪಲ್ ಕ್ಯಾಲೆಂಡರು. ಮನೆ ಬಿಡುವಾಗ ಎಲ್ಲವೂ ಜೊತೆಗೇ ಬರುತ್ತವೆ.

## ನೆಲ ಮತ್ತು ಗೋಡೆ

ರೆಡ್ ಆಕ್ಸೈಡ್ ನೆಲ ಹಾಕೋ ಸರಿಯಾದ ಕ್ರಮ ಏನು? ಒಬ್ಬೊಬ್ಬ ಮೇಸ್ತ್ರಿ ಒಂದೊಂದು ಹೇಳ್ತಾರೆ.

ಅಳತೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಇರುವುದು ಸಹಜ, ಕ್ರಮ ಮಾತ್ರ ಒಂದೇ. ಗಟ್ಟಿ ಕಾಂಕ್ರೀಟ್ ತಳವನ್ನು ಕೆತ್ತಿ ಒರಟು ಮಾಡಿ, ತೊಳೆದು, ಹಿಂದಿನ ರಾತ್ರಿಯೇ ನೀರು ಕುಡಿಸಿ. ಅದರ ಮೇಲೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಮರಳಿನ ಗಾರೆಯನ್ನು 20ರಿಂದ 25 ಮಿ.ಮೀ. ದಪ್ಪಕ್ಕೆ ಹಾಸಿ ಮಟ್ಟ ಮಾಡಬೇಕು. ಈ ಗಾರೆ ಬಿಗಿಯುತ್ತಿರುವಾಗಲೇ, ಒಣಗುವ ಮುನ್ನ, ಸಿಮೆಂಟ್ ಮೂರು ಪಾಲು, ರೆಡ್ ಆಕ್ಸೈಡ್ ಎಂಬ ಕೆಂಪು ಬಣ್ಣದ ಪುಡಿ ಒಂದು ಪಾಲಿನ ಮಿಶ್ರಣವನ್ನು ಸುಮಾರು 3 ಮಿ.ಮೀ. ಬಳಿದು ಉಕ್ಕಿನ ಕರಣೆಯಿಂದ ಉಜ್ಜಬೇಕು. ಒಂದು ಸಲವಲ್ಲ, ಪದರ ಬಿಗಿಯುತ್ತಾ ಹೋದಂತೆ ಮೂರ್ನಾಲ್ಕು ಸಲ. ಹೊಳಪು ಬರುವುದು ಆ ಉಜ್ಜುವಿಕೆಯಿಂದ, ಪಾಲಿಶ್‌ನಿಂದಲ್ಲ.

ಇಡೀ ಕೋಣೆಗೆ ಬೇಕಾದ ಸಿಮೆಂಟು-ಆಕ್ಸೈಡನ್ನು ಒಣಗಿರುವಾಗಲೇ ಒಟ್ಟಿಗೆ ಬೆರೆಸಿ, ಎರಡು ಸಲ ಜರಡಿ ಹಿಡಿದು ಇಟ್ಟುಕೊಳ್ಳಿ. ಬಾಂಡಲಿ ಬಾಂಡಲಿಗೆ ಬೆರೆಸಿದರೆ ಬಣ್ಣ ಒಂದೇ ಬರುವುದಿಲ್ಲ. ಗಾಢ ಕೆಂಪು ಬೇಕೆಂದು ಆಕ್ಸೈಡ್ ಹೆಚ್ಚು ಸುರಿಯಬೇಡಿ, ಮೇಲ್ಪದರ ಬಲ ಕಳೆದುಕೊಂಡು ಕಾಲಿಗೆ ಪುಡಿ ಅಂಟುತ್ತದೆ. ಮೇಲೆ ಒಸರುವ ನೀರನ್ನು ಹೀರಲೆಂದು ಒಣ ಸಿಮೆಂಟು ಎರಚುವ ಅಭ್ಯಾಸ ಕೆಲವರಿಗಿದೆ. ಹಾಗೆ ಎರಚಿದ ಜಾಗ ಮುಂದೆ ಹಪ್ಪಳದಂತೆ ಎದ್ದು ಬರುತ್ತದೆ.

ಮರುದಿನದಿಂದ ಕನಿಷ್ಠ ಏಳು ದಿನ, ಬೇಸಿಗೆಯಾದರೆ ಹತ್ತು ದಿನ, ನೆಲದ ಮೇಲೆ ತೆಳ್ಳಗೆ ನೀರು ಕಟ್ಟಿ ನಿಲ್ಲಿಸಿ. ಮೂರ್ನಾಲ್ಕು ವಾರ ಬಿಟ್ಟು, ನೆಲ ಪೂರ್ತಿ ಒಣಗಿದ ಮೇಲೆ, ಕೊಬ್ಬರಿ ಎಣ್ಣೆ ಅದ್ದಿದ ಹತ್ತಿ ಬಟ್ಟೆಯಿಂದ ತೆಳುವಾಗಿ ಉಜ್ಜಿ, ಇನ್ನೊಂದು ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ಎಣ್ಣೆ ಮೇಲೆ ನಿಂತರೆ ಧೂಳು ಕೂರುತ್ತದೆ, ಕಾಲೂ ಜಾರುತ್ತದೆ.

ಹಾಕಿಸಿ ಆರು ತಿಂಗಳಾಗಿಲ್ಲ, ಬಿರುಕು ಬಿಟ್ಟಿದೆ. ಯಾಕೆ?

ಬಿರುಕಿನ ಆಕಾರವನ್ನು ನೋಡಿ. ಜೇಡರ ಬಲೆಯಂಥ ಕೂದಲೆಳೆಯ ಬಿರುಕಾದರೆ ಮೇಲ್ಪದರ ಬೇಗ ಒಣಗಿದೆ ಎಂದರ್ಥ. ಕಿಟಕಿ ತೆರೆದಿಟ್ಟು ಫ್ಯಾನು ಹಾಕಿರಬೇಕು, ಇಲ್ಲವೇ ನೀರು ಕಟ್ಟುವುದು ತಡವಾಗಿರಬೇಕು. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಏಪ್ರಿಲ್–ಮೇ ತಿಂಗಳು ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ಉದ್ದಕ್ಕೆ ಒಂದೇ ಗೆರೆ ಓಡಿದ್ದರೆ ದೋಷ ತಳದ್ದು: ಕೆಳಗಿನ ಮಣ್ಣು ಕುಸಿದಿದೆ, ಅಥವಾ ಮಹಡಿಯ ಸ್ಲ್ಯಾಬು ಬಾಗುತ್ತಿದೆ. ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗಾರೆ ತಳಕ್ಕೆ ಹಿಡಿದಿಲ್ಲ.

ಕೂದಲೆಳೆ ಬಿರುಕಿಗೆ ಕರಗಿಸಿದ ಮೇಣದಲ್ಲಿ ಚಿಟಿಕೆ ಆಕ್ಸೈಡ್ ಬೆರೆಸಿ ತುಂಬಿ ಉಜ್ಜಿದರೆ ಕಣ್ಣಿಗೆ ಮರೆಯಾಗುತ್ತದೆ. ದೊಡ್ಡ ಬಿರುಕಿಗೆ ತೇಪೆ ಹಾಕಿದರೆ ಬಣ್ಣ ಹೊಂದುವುದಿಲ್ಲ, ಎಷ್ಟೇ ಪಳಗಿದ ಕೈಯಾದರೂ. ಅದಕ್ಕೇ ಮೊದಲೇ ನಾಲ್ಕು ಅಡಿ ಚೌಕಗಳಾಗಿ ಗಾಜಿನ ಪಟ್ಟಿ ಕೂರಿಸಿ ನೆಲವನ್ನು ಭಾಗ ಮಾಡಿಸುವುದು ಜಾಣತನ. ಕೆಟ್ಟರೆ ಒಂದು ಚೌಕ ಕಿತ್ತು ಹಾಕಿದರಾಯಿತು, ಬಣ್ಣದ ವ್ಯತ್ಯಾಸವೂ ಪಟ್ಟಿಯ ನಡುವೆ ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ.

ಅಪಾರ್ಟ್‌ಮೆಂಟು. ಈಗಿರೋ ಟೈಲ್ಸ್ ಮೇಲೇ ರೆಡ್ ಆಕ್ಸೈಡ್ ಹಾಕಬಹುದಾ?

ಬೇಡ. ನುಣುಪಾದ ಟೈಲ್ಸ್ ನೀರು ಹೀರುವುದಿಲ್ಲ, ಗಾರೆ ಅದನ್ನು ಹಿಡಿಯುವುದಿಲ್ಲ. ಟೈಲ್ಸ್ ಕಿತ್ತು ಹಾಕಿಸಬೇಕು, ಇಲ್ಲವೇ ಆಸೆ ಬಿಡಬೇಕು. ಅಪಾರ್ಟ್‌ಮೆಂಟಿಗೆ ಹೆಚ್ಚು ಹೊಂದುವುದು ಮೊಸಾಯಿಕ್ ಟೈಲ್ಸ್, ಅದೂ ಆ ಕಾಲದ್ದೇ. ಅದಕ್ಕೂ ಹಳೆಯ ಟೈಲ್ಸ್ ಕೀಳಲೇಬೇಕು, ಇಲ್ಲದಿದ್ದರೆ ನೆಲ ಎರಡು ಇಂಚು ಏರಿ ಬಾಗಿಲು ತೆರೆಯುವುದಿಲ್ಲ.

ಮೊಸಾಯಿಕ್ ಮಂಕಾಗಿದೆ, ಆಸಿಡ್ ಹಾಕಿ ತೊಳೀಬಹುದಾ?

ಬಚ್ಚಲು ತೊಳೆಯುವ ಆಸಿಡ್ಡನ್ನು ಹತ್ತಿರಕ್ಕೂ ತರಬೇಡಿ. ಮೊಸಾಯಿಕ್ ಎಂದರೆ ಸಿಮೆಂಟಿನಲ್ಲಿ ಕೂರಿಸಿದ ಅಮೃತಶಿಲೆಯ ಚೂರುಗಳು, ಆಮ್ಲ ಎರಡನ್ನೂ ತಿನ್ನುತ್ತದೆ. ಒಂದು ಸಲ ಫಳಫಳ ಎನ್ನಿಸಿ, ಆಮೇಲೆ ಸೂಜಿತೂತುಗಳು ತೆರೆದುಕೊಂಡು ಕೊಳೆ ಇನ್ನೂ ಹೆಚ್ಚು ಹಿಡಿಯುತ್ತದೆ. ಹಳೇ ನೆಲವಾದರೆ ನೀರು ಹಾಕಿ ಉಜ್ಜುವ ಯಂತ್ರದಿಂದ 60, 120, 320 ನಂಬರಿನ ಸಾಣೆಕಲ್ಲುಗಳನ್ನು ಕ್ರಮವಾಗಿ ಬಳಸಿ ಪಾಲಿಶ್ ಮಾಡಿಸಿ. 60 ಆದ ಮೇಲೆ ಅದೇ ಬಣ್ಣದ ಸಿಮೆಂಟು ಹಾಲಿನಿಂದ ತೂತುಗಳನ್ನು ಮುಚ್ಚಿ, ನಾಲ್ಕೈದು ದಿನ ಒದ್ದೆಯಾಗಿಟ್ಟು, ಆನಂತರ ಮುಂದಿನ ಕಲ್ಲು. ಈ ನಡುವಿನ ಹೆಜ್ಜೆಯನ್ನೇ ಕೆಲಸದವರು ನುಂಗಿಬಿಡುತ್ತಾರೆ, ನಿಂತು ಮಾಡಿಸಿ. ಕೆಸರು ನೀರು ಸಿಂಕಿನ ಪೈಪಿಗೆ ಹೋಗದಂತೆ ನೋಡಿಕೊಳ್ಳಿ, ಒಳಗೆ ಕಲ್ಲಾಗಿ ಕೂರುತ್ತದೆ.

ಗೋಡೆಗೆ ಯಾವ ಬಣ್ಣ, ಎಲ್ಲಿವರೆಗೆ ಟೈಲ್ಸ್?

ಕೆಳಗಿನ ನಾಲ್ಕೂವರೆ ಅಡಿ ತೊಳೆಯಬಹುದಾದ ಗಟ್ಟಿ ಬಣ್ಣ, ಮೇಲೆ ಸುಣ್ಣದಂಥ ಮಬ್ಬು ಬಿಳುಪು. ಇದು ಆ ಕಾಲದ ವಾಡಿಕೆ. ಪಿಸ್ತಾ ಹಸಿರು, ಕೆನೆ, ತಿಳಿ ಆಕಾಶ ನೀಲಿ ಮೂರರಲ್ಲಿ ಒಂದನ್ನು ಆರಿಸಿ. ಕೆಂಪು ನೆಲಕ್ಕೆ ಪಿಸ್ತಾ ಹಸಿರಿನಷ್ಟು ಹೊಂದುವ ಬಣ್ಣ ಇನ್ನೊಂದಿಲ್ಲ ಎಂಬುದು ನಮ್ಮ ಪಕ್ಷಪಾತ. ಎರಡು ಬಣ್ಣ ಸೇರುವಲ್ಲಿ ಅರ್ಧ ಇಂಚಿನ ಗಾಢ ಗೆರೆ ಎಳೆಸಿ. ಸ್ಟೌ ಹಿಂದೆ ಆರು ಇಂಚು ಚೌಕದ ಬಿಳಿ ಟೈಲ್ಸ್ ಸಾಕು, ಸಂದಿಗೆ ಸಂದಿ ಕೂಡುವಂತೆ ನೇರ ಸಾಲಿನಲ್ಲಿ. ಇಟ್ಟಿಗೆಯಂತೆ ಅರ್ಧರ್ಧ ಸರಿಸಿ ಅಂಟಿಸಿದರೆ ಅದು ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣದ ಗೋಡೆ. ಸಂದಿಗೆ ಎಪಾಕ್ಸಿ ತುಂಬಿಸಿ. ಬರೀ ಸಿಮೆಂಟು ತುಂಬಿದ ಸಂದಿ ಅರಿಶಿನ ಹೀರಿ ತಿಂಗಳೊಳಗೆ ಹಳದಿಯಾಗುತ್ತದೆ.

## ಕಟ್ಟೆ ಮತ್ತು ಕಪಾಟು

ಕಡಪ ಕಲ್ಲಿನ ಕಟ್ಟೆ ಮೇಲೆ ಬಿಳಿ ಕಲೆ ಆಗ್ತಿದೆ. ಗ್ರಾನೈಟ್ ಹಾಕಿಸಿದ್ರೆ ಒಳ್ಳೇದಿತ್ತಾ?

ಕಡಪ ಕಲ್ಲು ಸುಣ್ಣದ ಜಾತಿಯದು. ನಿಂಬೆಹಣ್ಣು, ಹುಣಸೆಹುಳಿ, ಮಜ್ಜಿಗೆ ಬಿದ್ದ ಕಡೆ ಹೊಳಪನ್ನು ತಿಂದು ಬಿಳಿಚಾಗಿಸುತ್ತವೆ. ಅದು ಕೊಳೆಯಲ್ಲ, ತೊಳೆದರೆ ಹೋಗದು. 400 ನಂಬರಿನ ಉಪ್ಪುಕಾಗದದಿಂದ ನೀರು ಹಾಕಿ ಉಜ್ಜಿ, ಒಣಗಿಸಿ, ಹನಿ ಕೊಬ್ಬರಿ ಎಣ್ಣೆ ಸವರಿದರೆ ಕಪ್ಪು ಮರಳುತ್ತದೆ. ತಿಂಗಳಿಗೊಮ್ಮೆ ಇದನ್ನು ಮಾಡಲು ಬೇಸರವೆನಿಸಿದರೆ ಕಟ್ಟೆಗೆ ಹೊಳಪಿಲ್ಲದ ಕಪ್ಪು ಗ್ರಾನೈಟ್ ಹಾಕಿಸಿ, ಕಡಪವನ್ನು ಗೋಡೆಯ ಹಲಗೆಗಳಿಗೆ ಮಾತ್ರ ಇಟ್ಟುಕೊಳ್ಳಿ. ಕಟ್ಟೆಯ ಎತ್ತರ ನೆಲದಿಂದ 32ರಿಂದ 34 ಇಂಚು. ಅಳತೆ ನೋಡಬೇಕಾದ್ದು ಅಡುಗೆ ಮಾಡುವವರ ಮೊಣಕೈಯನ್ನು: ಮಡಚಿದ ಮೊಣಕೈಗಿಂತ ಕಟ್ಟೆ ನಾಲ್ಕೈದು ಇಂಚು ತಗ್ಗಿರಲಿ. ಅಂಚನ್ನು ಚೂಪಾಗಿ ಬಿಡಬೇಡಿ, ಆ ಕಾಲದ ಕಲ್ಲಿಗೆ ದುಂಡನೆಯ ಮೂತಿ ಇರುತ್ತಿತ್ತು.

ಸನ್‌ಮೈಕಾ ಕಪಾಟು ಹಳೇ ಕಾಲದ್ದರ ಹಾಗೆ ಕಾಣಬೇಕಂದ್ರೆ ಕಾರ್ಪೆಂಟರ್‌ಗೆ ಏನು ಹೇಳಬೇಕು?

ನಾಲ್ಕು ಮಾತು ಹೇಳಿ. ಒಂದು, ಮರದ ನಕಲು ಚಿತ್ತಾರ ಬೇಡ, ಒಂದೇ ಬಣ್ಣದ 1 ಮಿ.ಮೀ. ಹಾಳೆ ಬೇಕು, ಕನ್ನಡಿಯಂಥ ಹೊಳಪೂ ಬೇಡ, ಪೂರ್ತಿ ಮಬ್ಬೂ ಬೇಡ. ಎರಡು, ಬಾಗಿಲಿನ ಅಂಚಿಗೆ ಪಿವಿಸಿ ಪಟ್ಟಿಯ ಬದಲು ತೇಗದ 6 ಮಿ.ಮೀ. ಬೀಡಿಂಗ್. ಬಣ್ಣದ ಹಲಗೆಯ ಸುತ್ತ ಕಾಣುವ ಆ ತೆಳು ಮರದ ಗೆರೆಯೇ ಇಡೀ ಕಪಾಟಿನ ವಯಸ್ಸು ಹೇಳುವುದು. ಮೂರು, ಬಾಗಿಲಿನ ಒಳಮೈಗೂ ಲ್ಯಾಮಿನೇಟ್ ಹಾಳೆ ಅಂಟಿಸಬೇಕು. ಒಂದೇ ಬದಿಗೆ ಅಂಟಿಸಿದ ಹಲಗೆ ಮಳೆಗಾಲದಲ್ಲಿ ಬಿಲ್ಲಿನಂತೆ ಬಾಗುತ್ತದೆ. ನಾಲ್ಕು, ಪ್ಲೈವುಡ್ ಮೇಲೆ ನೀರು ತಡೆಯುವ ಮರೀನ್ ಪ್ಲೈವುಡ್‌ನ ಐಎಸ್ 710 ಮುದ್ರೆ ಇರಲಿ. ಸಿಂಕಿನ ಕೆಳಗೆ ಅದೂ ಬೇಡ, ಕಡಪ ಹಲಗೆಗಳ ಚೌಕಟ್ಟಿಗೆ ಬರೀ ಬಾಗಿಲು ಕೂರಿಸಿ. ಹಿಡಿಗೆ ಸಣ್ಣ ಹಿತ್ತಾಳೆ ಗುಬುಟು ಸಾಕು. ಕೀಲು ಒಳಗೆ ಅಡಗಿರುವ ಇಂದಿನದೇ ಆಗಬಹುದು, ಅದು ಯಾರಿಗೂ ಕಾಣುವುದಿಲ್ಲ.

ಕಪಾಟಿಗೆ ಚೂಪು ಮರದ ಕಾಲು ಚೆನ್ನಾಗಿ ಕಾಣತ್ತೆ. ನೆಲ ಒರೆಸಿದಾಗ ಹಾಳಾಗಲ್ವಾ?

ಆಗುತ್ತದೆ. ಮರದ ಕಾಲಿನ ತುದಿ ನೀರು ಕುಡಿದು ಮೊದಲು ಕಪ್ಪಾಗಿ, ಆಮೇಲೆ ಸೀಳುತ್ತದೆ. ಕಾಲಿನಡಿ ಒಂದು ಇಂಚಿನ ಹಿತ್ತಾಳೆ ತೊಪ್ಪಿ, ಅದರೊಳಗೆ ನೈಲಾನ್ ಬಿಲ್ಲೆ ಕೂರಿಸಿ. ಕಪಾಟಿನ ತಳ ನೆಲದಿಂದ ಆರು ಇಂಚು ಮೇಲಿದ್ದರೆ ಪೊರಕೆ ಸಲೀಸಾಗಿ ಒಳಹೋಗುತ್ತದೆ. ಕಲ್ಲಿನ ಕಟ್ಟೆಯ ಭಾರವನ್ನು ಈ ಕಾಲುಗಳ ಮೇಲೆ ಎಂದೂ ಹೊರಿಸಬೇಡಿ.

ಜಾಲರಿ ಬೀರುವಿನ ಕಾಲನ್ನ ನೀರಿನ ಬಟ್ಟಲಲ್ಲಿ ಇಡ್ತಿದ್ರಲ್ಲ, ಈಗಲೂ ಹಾಗೇ ಇಡಬೇಕಾ?

ಇರುವೆ ತಡೆಯಲು ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಬೀರು ಗೋಡೆಗೆ ತಾಗಬಾರದು, ಎರಡು ಇಂಚು ಬಿಡಿ, ಇಲ್ಲವಾದರೆ ಇರುವೆ ಗೋಡೆ ದಾರಿ ಹಿಡಿಯುತ್ತದೆ. ನೀರನ್ನು ಮೂರ್ನಾಲ್ಕು ದಿನಕ್ಕೊಮ್ಮೆ ಚೆಲ್ಲಿ ಬಟ್ಟಲು ಉಜ್ಜಿ. ಡೆಂಗಿ ಹರಡುವ ಸೊಳ್ಳೆ ಇಂಥ ಸಣ್ಣ ನೀರಿನಲ್ಲೇ ಮೊಟ್ಟೆ ಇಡುವುದು. ಜಾಲರಿ ಬದಲಿಸುವಾಗ ಕಬ್ಬಿಣದ್ದು ಬೇಡ, ಸ್ಟೀಲಿನದು ಹಾಕಿಸಿ.

## ಪಾತ್ರೆ ಮತ್ತು ಯಂತ್ರ

ಅಮ್ಮನ ಹಿತ್ತಾಳೆ ಪಾತ್ರೆ ಇವೆ. ಶೋಗೆ ಮಾತ್ರಾನಾ, ಅಡುಗೆಗೂ ಬಳಸಬಹುದಾ?

ಕಲಾಯಿ ಇದ್ದರೆ ಧಾರಾಳವಾಗಿ ಬಳಸಿ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಸಾರು, ಹುಳಿ, ಮೊಸರು ಇಟ್ಟರೆ ಕಿಲುಬು ಏಳುತ್ತದೆ, ತಿಂದವರಿಗೆ ವಾಂತಿಯಾಗುತ್ತದೆ. ಒಳಮೈ ಬೆಳ್ಳಗಿರಬೇಕು. ಹಳದಿ ಇಣುಕಿತೆಂದರೆ ಮತ್ತೆ ಕಲಾಯಿ ಹಾಕಿಸುವ ಹೊತ್ತು, ದಿನಬಳಕೆಯ ಪಾತ್ರೆಗೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಕಲಾಯಿ ಎಂದರೆ ತವರ, ಅದು ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ. ಹಾಗಾಗಿ ಪಾತ್ರೆಯನ್ನು ಬರಿದಾಗಿ ಉರಿಯ ಮೇಲೆ ಇಡಬೇಡಿ, ಹುರಿಯುವ ಕೆಲಸಕ್ಕೂ ಬೇಡ. ಕಲಾಯಿಯವರು ಪಾತ್ರೆ ಕಾಯಿಸಿ, ನವಸಾಗರ ಉಜ್ಜಿ, ತವರದ ಕಡ್ಡಿ ತಾಗಿಸಿ ಹತ್ತಿಯಿಂದ ಸವರಬೇಕು. ಸೀಸ ಬೆರೆತ ಬೆಸುಗೆ ಕಡ್ಡಿ ತಂದರೆ ಕೈ ಮುಗಿದು ಕಳಿಸಿ. ಒಳಮೈಯನ್ನು ತೆಂಗಿನ ನಾರು ಮತ್ತು ಸೀಗೆ ಅಥವಾ ಮೆತ್ತಗಿನ ಸೋಪಿನಿಂದ ತೊಳೆಯಿರಿ. ಹುಣಸೆಹಣ್ಣು ಹೊರಮೈಗೆ ಮಾತ್ರ.

ಶೋಗೆ ಇಡುವುದಾದರೂ ಎಲ್ಲವನ್ನೂ ಸಾಲಾಗಿ ನಿಲ್ಲಿಸಬೇಡಿ. 1958ರಲ್ಲಿ ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ, ತಾವು ನೋಡಿದ ವಸ್ತುಗಳಲ್ಲೆಲ್ಲ ಮೆಚ್ಚಿ ಬರೆದದ್ದು ನಮ್ಮ ಚೊಂಬನ್ನು. ಒಂದು ಒಳ್ಳೆಯ ಚೊಂಬು, ಒಂದು ಕಾಫಿ ಫಿಲ್ಟರು, ಒಂದು ಕೊಳದಪ್ಪಲೆ ಹಲಗೆಯ ಮೇಲೆ ನಿಂತರೆ ಸಾಕು.

ಹಳೇ ಎನಾಮೆಲ್ ತಟ್ಟೆ, ಡಬ್ಬಿ ಕೊಳ್ಳುವಾಗ ಏನು ನೋಡಬೇಕು?

ತಮಿಳುನಾಡಿನ ಕಾರೈಕುಡಿಯ ಹಳೇ ಸಾಮಾನು ಬೀದಿಯಲ್ಲಿ ರಾಶಿ ರಾಶಿ ಸಿಗುತ್ತವೆ, ಬೆಂಗಳೂರಿನ ಸಂಡೇ ಬಜಾರಿನಲ್ಲೂ ಅದೃಷ್ಟವಿದ್ದರೆ ಕಣ್ಣಿಗೆ ಬೀಳುತ್ತವೆ. ಒಳಮೈಯಲ್ಲಿ ಚಕ್ಕೆ ಎದ್ದದ್ದು ಊಟಕ್ಕೆ ಬೇಡ: ಚೂರು ಅನ್ನಕ್ಕೆ ಬೀಳುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಒಳಗಡೆ ಕಡು ಹಳದಿ, ಕಿತ್ತಳೆ, ಕೆಂಪು ಬಣ್ಣವಿರುವ ಹಳೇ ಪಾತ್ರೆಗಳಲ್ಲಿ ಕ್ಯಾಡ್ಮಿಯಂ, ಸೀಸ ಇರುವ ಸಾಧ್ಯತೆ ಇದೆ. ಅವು ಗೋಡೆಗೆ ಮಾತ್ರ. ಹಳೇ ಪ್ರೆಶರ್ ಕುಕ್ಕರಿಗೂ ಇದೇ ಮಾತು: ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಹೊಸದು ಸಿಗದಿದ್ದರೆ ಅದರಲ್ಲಿ ಈರುಳ್ಳಿ ತುಂಬಿಡಿ.

ಫ್ರಿಜ್ಜು, ಮಿಕ್ಸಿ, ಮೈಕ್ರೋವೇವ್ ಎಲ್ಲಾ ಮುಚ್ಚಿಡಬೇಕಾ?

ಫ್ರಿಜ್ಜನ್ನು ಮುಚ್ಚುವ ಅಗತ್ಯವಿಲ್ಲ. ಗೋದ್ರೆಜ್ ಕಂಪನಿ 1958ರಲ್ಲೇ ಇಲ್ಲಿ ಫ್ರಿಜ್ ತಯಾರಿಸತೊಡಗಿತ್ತು, ಬಿಳಿ ಫ್ರಿಜ್ಜು ಆ ಕಾಲಕ್ಕೆ ಪರಕೀಯವಲ್ಲ. ಬಿಳಿಯದೋ ಕೆನೆ ಬಣ್ಣದ್ದೋ ಒಂಟಿ ಬಾಗಿಲಿನದು ತನ್ನಷ್ಟಕ್ಕೆ ಹೊಂದುತ್ತದೆ. ಮರದ ಪೆಟ್ಟಿಗೆಯೊಳಗೆ ತುರುಕಿದರೆ ಶಾಖ ಹೋಗದೆ ಮೋಟರು ಸವೆಯುತ್ತದೆ. ಹಿಂದೆ ನಾಲ್ಕು ಇಂಚು, ಮೇಲೆ ಒಂದು ಅಡಿ ಬಿಡಿ. ಮಿಕ್ಸಿಯನ್ನು ಕಟ್ಟೆಯ ಮೂಲೆಯಲ್ಲಿ ಮೇಲಕ್ಕೆ ತೆರೆಯುವ ಪುಟ್ಟ ಬಾಗಿಲಿನ ಹಿಂದಿಡಿ, ಪ್ಲಗ್ಗು ಒಳಗೇ ಇರಲಿ.

## ತಲೆ ಕೆಡಿಸುವ ಪ್ರಶ್ನೆಗಳು

ಕಪ್ಪು ದುಂಡು ಬೇಕಲೈಟ್ ಸ್ವಿಚ್ಚು, ಮರದ ಬೋರ್ಡು ಸಿಕ್ಕಿದೆ. ಹಾಕಿಸ್ಲಾ?

ಹಳೆಯದನ್ನೇ ಹಾಕಬೇಡಿ. ಒಳಗಿನ ಹಿತ್ತಾಳೆ ಸ್ಪ್ರಿಂಗು ಸಡಿಲಾಗಿ ಕಿಡಿ ಹಾರುತ್ತದೆ, ಒಗ್ಗರಣೆಯ ಎಣ್ಣೆ ಜಿಡ್ಡು ಹಿಡಿದ ಮರದ ಬೋರ್ಡಿಗೆ ಅಷ್ಟು ಸಾಕು. ಅದೇ ಆಕಾರದ ಹೊಸ ಸ್ವಿಚ್ಚುಗಳು ಐಎಸ್‌ಐ ಗುರುತಿನೊಂದಿಗೆ ಬರುತ್ತವೆ. ಅವನ್ನು ಲೋಹದ ಪೆಟ್ಟಿಗೆಯ ಮೇಲೆ ಕೂರಿಸಿ, ಸುತ್ತ ತೇಗದ ಚೌಕಟ್ಟು ಕಟ್ಟಿಸಿ. ದೀಪಗಳಿಗೆ 1.5 ಚದರ ಮಿ.ಮೀ., ಸಾಧಾರಣ ಪ್ಲಗ್ಗಿಗೆ 2.5, ಗ್ರೈಂಡರು, ಓವನ್ ಇರುವ 16 ಆಂಪಿಯರ್ ಪ್ಲಗ್ಗಿಗೆ 4 ಚದರ ಮಿ.ಮೀ. ತಾಮ್ರದ ವೈರು ಎಳೆಸಿ. ಇಡೀ ಅಡುಗೆಮನೆಗೆ, ಕರೆಂಟು ಸೋರಿದ ಕೂಡಲೇ ಸರಬರಾಜು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸುವುದನ್ನು ಮರೆಯಬೇಡಿ, ಒದ್ದೆ ಕೈ, ಒದ್ದೆ ನೆಲ ಇಲ್ಲಿಯ ನಿತ್ಯದ ಕತೆ. ಹಲಗೆಯ ಮೇಲೆ ಹಳೇ ವಾಲ್ವ್ ರೇಡಿಯೋ ಇಡುವವರಿಗೂ ಒಂದು ಮಾತು: ಪ್ಲಗ್ಗು ಕತ್ತರಿಸಿಯೇ ಇಡಿ. ಕೆಲವು ಮಾದರಿಗಳಲ್ಲಿ ಒಳಗಿನ ಲೋಹದ ಚೌಕಟ್ಟಿಗೇ ಕರೆಂಟು ಹರಿಯುತ್ತದೆ.

ಎನಾಮೆಲ್ ದೀಪ ತೂಗುಹಾಕಿದೆ. ಆದ್ರೆ ಅಕ್ಕಿಯಲ್ಲಿ ಕಲ್ಲು ಕಾಣಲ್ಲ!

ಒಂದೇ ದೀಪದಿಂದ ಎರಡು ಕೆಲಸ ಕೇಳುತ್ತಿದ್ದೀರಿ. ತೂಗುದೀಪ ಊಟದ ಟೇಬಲ್ಲಿಗೆ, ಮೇಲ್ಮೈಯಿಂದ 30 ಇಂಚು ಎತ್ತರದಲ್ಲಿ, ಹಳದಿ ಬೆಳಕಿನ 2700 ಕೆಲ್ವಿನ್ ಬಲ್ಬಿನೊಂದಿಗೆ ಇರಲಿ. ಕಟ್ಟೆಗೆ ಬೇರೆ ಬೆಳಕು ಬೇಕು: ಮೇಲಿನ ಹಲಗೆಯ ಮುಂದಿನ ಅಂಚಿನ ಹಿಂದೆ ಅಡಗಿಸಿದ, ಬಿಳುಪು ಹೆಚ್ಚಿರುವ 4000 ಕೆಲ್ವಿನ್ ಎಲ್‌ಇಡಿ ಪಟ್ಟಿ. ಗೋಡೆ ಕಡೆಗೆ ಹಾಕಿದರೆ ಕೈಯ ನೆರಳು ಹೆಚ್ಚುವ ಮಣೆ ಮೇಲೆ ಬೀಳುತ್ತದೆ. ಬಲ್ಬಿನ ಪೊಟ್ಟಣದ ಮೇಲೆ, ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆಂದು ಹೇಳುವ ಸಿಆರ್‌ಐ 90 ಅಥವಾ ಹೆಚ್ಚು ಎಂದಿರಲಿ, ಅದಕ್ಕಿಂತ ಕಡಿಮೆಯದರಲ್ಲಿ ಕೆಂಪು ನೆಲ ಕಂದಾಗಿ, ಸೊಪ್ಪು ಬಾಡಿದಂತೆ ಕಾಣುತ್ತದೆ.

ಸಿಲಿಂಡರ್ ಕಾಣಬಾರದು ಅಂತ ಮರದ ಕಪಾಟಿನೊಳಗೆ ಇಟ್ಟಿದ್ದೀವಿ. ತೊಂದರೆ ಇಲ್ವಾ?

ಬಾಗಿಲಿನ ಕೆಳಭಾಗದಲ್ಲಿ ಕಂಡಿ ಇಲ್ಲದಿದ್ದರೆ ತೊಂದರೆ ಇದೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದ್ದು ಮೇಲೇಳದೆ ತಳದಲ್ಲಿ ಮಡುಗಟ್ಟುತ್ತದೆ. ಮೇಲೆ ಮಾತ್ರ ತೂತು ಕೊರೆಸಿದರೆ ಪ್ರಯೋಜನವಿಲ್ಲ. ಕೆಳಗಿನ ಒಂದು ಅಡಿಗೆ ಜಾಲರಿ ಅಥವಾ ಅಡ್ಡಪಟ್ಟಿಗಳ ಬಾಗಿಲು ಮಾಡಿಸಿ, ಅದು ಆ ಕಾಲದ ನೋಟಕ್ಕೂ ಸಲ್ಲುತ್ತದೆ. ಸಿಲಿಂಡರ್ ನೆಟ್ಟಗೆ ನಿಂತಿರಲಿ, ಸ್ಟೌ ಅದಕ್ಕಿಂತ ಎತ್ತರದಲ್ಲಿರಲಿ. ಕೊಳವೆ ಒಂದೂವರೆ ಮೀಟರಿಗಿಂತ ಉದ್ದ ಬೇಡ, ಐದು ವರ್ಷಕ್ಕೆ ಬದಲಿಸಿ. ಅದೇ ಕಪಾಟಿನಲ್ಲಿ ಪ್ಲಗ್ಗು, ಸ್ವಿಚ್ಚು ಯಾವುದೂ ಇರಬಾರದು.

ನಮ್ಮದು ನಿಜವಾಗಲೂ 1962ರ ಮನೆ. ಅಡುಗೆಮನೆ ಗೋಡೆಯ ಹಳೇ ಆಯಿಲ್ ಪೇಂಟ್ ಕೆರೆದು ಹೊಸದು ಹೊಡೆಸೋಣ ಅಂತ.

ಒಣಗಿದ್ದಂತೆ ಉಜ್ಜಿಸಬೇಡಿ. ಹಳೇ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಉಪ್ಪುಕಾಗದದ ಯಂತ್ರ ಹಾರಿಸುವ ಧೂಳು ಮಕ್ಕಳಿಗೂ ಬಸುರಿಯರಿಗೂ ವಿಷ. ಬಣ್ಣ ಗಟ್ಟಿಯಾಗಿ ಕೂತಿದ್ದರೆ ಸೋಪು ನೀರಿನಿಂದ ಜಿಡ್ಡು ತೆಗೆದು, ಒದ್ದೆ ಉಪ್ಪುಕಾಗದದಿಂದ ಮೈ ಮಾತ್ರ ಒರಟು ಮಾಡಿ, ಪ್ರೈಮರ್ ಹೊಡೆದು ಮುಚ್ಚಿ. ಚಕ್ಕೆ ಏಳುತ್ತಿರುವ ಕಡೆ ನೀರು ಚಿಮುಕಿಸಿ ಕೈಯಿಂದ ಕೆರೆದು, ಚೂರುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಚೀಲ ಕಟ್ಟಿ. ಆ ದಿನಗಳಲ್ಲಿ ಅಡುಗೆ ಬೇರೆ ಕೋಣೆಯಲ್ಲಿ ನಡೆಯಲಿ.

ಕೆರೆಯುವ ಮುನ್ನ ಬಾಗಿಲ ಹಿಂದಿನ ಮೂಲೆಯಲ್ಲೋ ಸ್ವಿಚ್ ಬೋರ್ಡಿನ ಅಡಿಯಲ್ಲೋ ನೋಡಿ. ಮೊದಲ ಬಣ್ಣ ಅಲ್ಲಿ ಮಾಸದೆ ಉಳಿದಿರುತ್ತದೆ. ಅಂಗೈ ಅಗಲದಷ್ಟು ಜಾಗವನ್ನು ಹಾಗೇ ಬಿಟ್ಟು ಫೋಟೋ ತೆಗೆದುಕೊಳ್ಳಿ, ಅಂಗಡಿಯಲ್ಲಿ ಬಣ್ಣ ಬೆರೆಸುವ ಯಂತ್ರಕ್ಕೆ ತೋರಿಸಲು ಉದುರಿದ ಒಂದು ಚಕ್ಕೆಯನ್ನೂ ಮುಚ್ಚಳದ ಡಬ್ಬಿಯಲ್ಲಿ ಎತ್ತಿಡಿ.